ಬಸಿಯಲ್ಲಿ ನೀರು

ಊಟ ಮಾಡಿಸುವುದು, ನೀರು ಕುಡಿಸುವುದು ನರ್ಸಿನ ಕೆಲಸವಲ್ಲ, ಅದಕ್ಕೆ ಮನೆಯವರಿದ್ದಾರೆ, ಆಯಾ ಇದ್ದಾಳೆ ಎಂದು ನನಗೆ ಹೇಳಿದವರು ಬಹಳ ಜನ. ಹಾಗೆ ಹೇಳಿದವರಲ್ಲಿ ಒಬ್ಬರೂ ಕಾಲು ಮುರಿದುಕೊಂಡು ಮಲಗಿ, ಕೈಗೆ ಎಟುಕದ ನೀರಿನ ಜಗ್ಗನ್ನು ದಿನವಿಡೀ ನೋಡಿದವರಲ್ಲ. ನೋಡಿದ್ದರೆ ಬಾಯಿ ಮುಚ್ಚಿಕೊಂಡಿರುತ್ತಿದ್ದರು. ಗೋವೆಯ ಒಂದು ಸರ್ಕಾರಿ ಆಸ್ಪತ್ರೆಯಲ್ಲಿ ನನ್ನ ಕೆಲಸದ ಆಯುಷ್ಯವೆಲ್ಲ ಕಳೆಯಿತು. ಈಗ ನಿವೃತ್ತಳಾಗಿ ಮನೆಯಲ್ಲಿದ್ದೇನೆ. ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗಿಯರು ಬಂದು, ಏನಾದರೂ ಹೇಳಿಕೊಡಿ ಸಿಸ್ಟರ್ ಎಂದರೆ ನಾನು ಸೂಜಿ, ಸಲೈನಿನ ಮಾತು ಎತ್ತುವುದಿಲ್ಲ. ಅದನ್ನು ಯಾರು ಬೇಕಾದರೂ ಕಲಿಸುತ್ತಾರೆ. ನಾನು ಹೇಳುವುದು ತಟ್ಟೆ ಮತ್ತು ಲೋಟದ ಮಾತು.

ನಮ್ಮಪ್ಪ ವಿಜಯಪುರ ಕಡೆಯಿಂದ ಬಂದು ಮುರ್ಮುಗಾಂವ್ ಬಂದರಿನಲ್ಲಿ ಮೂಟೆ ಹೊತ್ತವನು. ಮನೆಯೊಳಗೆ ಕನ್ನಡ, ಬಾಗಿಲು ದಾಟಿದರೆ ಕೊಂಕಣಿ, ಅಂಗಡಿಗೆ ಹೋದರೆ ಹಿಂದಿ, ಹೀಗೆ ಬೆಳೆದವಳು ನಾನು. ಆಸ್ಪತ್ರೆಗೆ ನಮ್ಮ ಕಡೆಯ ಕೂಲಿಕಾರರು ಯಾರೇ ಬರಲಿ, ಯಾವ ವಾರ್ಡಿನಲ್ಲೇ ಇರಲಿ, ನನಗೆ ಕರೆ ಬರುತ್ತಿತ್ತು. ನನ್ನ ಬಾಯಿ ಸ್ವಲ್ಪ ಜೋರು. ಅದನ್ನು ದೋಷವೆಂದು ನಾನು ಎಂದೂ ಒಪ್ಪಿಲ್ಲ, ಆ ಬಾಯಿಯಿಂದ ಎಷ್ಟೋ ಜನರ ಹೊಟ್ಟೆಗೆ ಅನ್ನ ಹೋಗಿದೆ.

ನನಗೆ ಕೆಲಸ ಕಲಿಸಿದವರು ವಾರ್ಡಿನ ಮುಖ್ಯಸ್ಥೆಯಾಗಿದ್ದ ಎಸ್ಪೆರಾನ್ಸ್ ಸಿಸ್ಟರ್. ಗಿಡ್ಡನೆಯ ಹೆಂಗಸು, ಆದರೆ ಊಟದ ಹೊತ್ತಿಗೆ ವಾರ್ಡಿನ ಬಾಗಿಲಲ್ಲಿ ನಿಂತರೆಂದರೆ ದೊಡ್ಡ ಡಾಕ್ಟರೂ ಒಳಗೆ ಬರುವಂತಿರಲಿಲ್ಲ. “ಜೆವಾಣ ಚಲ್ತಾ, ದೊತೋರ್” ಎನ್ನುತ್ತಿದ್ದರು. ಊಟ ನಡೆದಿದೆ, ಡಾಕ್ಟರೇ ಎಂದರ್ಥ. ಅಷ್ಟೇ ಮಾತು, ಬೇರೆ ವಿವರಣೆ ಇಲ್ಲ. ಡಾಕ್ಟರು ಗಡಿಯಾರ ನೋಡಿಕೊಂಡು ಹಿಂದಿರುಗುತ್ತಿದ್ದರು. ರೋಗಿಯ ಬಾಯಲ್ಲಿ ತುತ್ತಿರುವಾಗ ಹೊಟ್ಟೆ ಒತ್ತಿ ನೋಡುವುದು, ರಕ್ತ ತೆಗೆಯುವುದು, ಹಾಸಿಗೆ ಬದಲಿಸುವುದು, ಇವೆಲ್ಲ ಅವರ ವಾರ್ಡಿನಲ್ಲಿ ನಡೆಯುತ್ತಿರಲಿಲ್ಲ. ಈಗ ಇದಕ್ಕೆ ತರಬೇತಿಗಳಲ್ಲಿ ದೊಡ್ಡ ಹೆಸರಿಟ್ಟು ಪಾಠ ಮಾಡುತ್ತಾರೆ. ನಾವು ಅದನ್ನು ಬಾಗಿಲಲ್ಲಿ ನಿಂತು ಕಲಿತೆವು.

ನಾನು ಸೇರಿದ ಹೊಸತರಲ್ಲಿ ಅವರು ನನ್ನನ್ನು ಖಾಲಿ ಹಾಸಿಗೆಯ ಮೇಲೆ ಅಂಗಾತ ಮಲಗಿಸಿದರು. ಇನ್ನೊಬ್ಬ ನರ್ಸಿಗೆ ದೊಡ್ಡ ಚಮಚ ಕೊಟ್ಟು, ನಿಂತುಕೊಂಡೇ ನನಗೆ ಪೇಜ ಕುಡಿಸಲು ಹೇಳಿದರು. ಪೇಜ ಎಂದರೆ ಇಲ್ಲಿಯ ಗಂಜಿ. ಮೇಲಿನಿಂದ ಚಮಚ ಬರುವುದು ಕಾಣುತ್ತಿತ್ತು, ಮೊದಲಿನದು ನುಂಗುವ ಮುಂಚೆ ಎರಡನೆಯದು ಬರುತ್ತಿತ್ತು, ಗಲ್ಲದ ಮೇಲೆ ಸುರಿದದ್ದು ಕಿವಿಗೆ ಹರಿಯಿತು. ಕೆಮ್ಮುತ್ತ ಎದ್ದು ಕೂತೆ. ನನಗೆ ಸಿಟ್ಟೂ ಬಂದಿತ್ತು, ಅಳುವೂ ಬಂದಿತ್ತು. ಸಿಸ್ಟರ್ ಒಂದು ಕುರ್ಚಿ ಎಳೆದು ತಂದು ಹಾಸಿಗೆಯ ಪಕ್ಕ ಇಟ್ಟು, “ಇನ್ನು ಮುಂದೆ ಇದರಲ್ಲಿ ಕೂತು ತಿನ್ನಿಸು” ಎಂದರು. ಅಂದಿನಿಂದ ನಾನು ನಿಂತು ಯಾರಿಗೂ ಒಂದು ತುತ್ತು ಕೊಟ್ಟಿಲ್ಲ. ನೀವು ಕೂಡ ಒಮ್ಮೆ ಮಲಗಿ ನೋಡಿ, ನಗಬೇಡಿ.

ಅವಾಂತರಗಳೂ ಆಗುತ್ತಿದ್ದವು. ಕಡಲ ದಂಡೆಯಲ್ಲಿ ಮಣಿಸರ ಮಾರುವ ಒಬ್ಬ ಅಜ್ಜಿ ಸೊಂಟ ಮುರಿದುಕೊಂಡು ಬಂದಿದ್ದಳು. ನಾಳೆ ಆಪರೇಷನ್, ಬಾಯಿಗೆ ಏನೂ ಹಾಕಬಾರದು ಎಂದು ಹೇಳಿ ಹೋದರು. ಮರುದಿನ ಯಾವುದೋ ಅಪಘಾತದ ಕೇಸು ಬಂದು ಅವಳ ಆಪರೇಷನ್ ಮುಂದಕ್ಕೆ ಹೋಯಿತು. ಮುಂದಕ್ಕೆ ಹೋದದ್ದು ಥಿಯೇಟರಿನವರಿಗೆ ಗೊತ್ತು, ಅಜ್ಜಿಗೆ ಗೊತ್ತಿಲ್ಲ, ವಾರ್ಡಿನವರಿಗೂ ಅಡುಗೆಮನೆಯವರಿಗೂ ಗೊತ್ತಿಲ್ಲ. ಮಧ್ಯಾಹ್ನ ಡ್ಯೂಟಿಗೆ ಬಂದ ನಾನು ನೋಡಿದರೆ ಅಜ್ಜಿಯ ತುಟಿ ಒಣಗಿ ಬಿರಿದಿತ್ತು.

“ಏನೂ ತಿಂದಿಲ್ಲೇನಬೇ?” ಎಂದೆ.

“ಉಪಾಸ ಅಂದಾರವಾ. ಮಾಡಾಕತ್ತೇನಿ. ಆದ್ರ ಇದು ಯಾವ ದೇವರ ಉಪಾಸ ಅಂತ ಹೇಳ್ಲಿಲ್ಲ ನೋಡು.”

ನನಗೆ ನಗು ಬಂತು, ಹಿಂದೆಯೇ ಮೈ ಉರಿಯಿತು. ಆಪರೇಷನ್ ಥಿಯೇಟರಿಗೆ ಫೋನು ಮಾಡಿ ಕೇಳಿದೆ, ಇವತ್ತು ಇಲ್ಲ ಎಂದರು. ಇಲ್ಲವೆಂದು ನಮಗೆ ಹೇಳಲು ಏನಾಗಿತ್ತು ಎಂದು ನಾಲ್ಕು ಮಾತು ಅಂದು, ಅಜ್ಜಿಗೆ ಮೊದಲು ಸ್ವಲ್ಪ ನೀರು, ಆಮೇಲೆ ಚಹಾ, ಆಮೇಲೆ ಪಾವು ಬ್ರೆಡ್ಡು ಕೊಟ್ಟೆ. ಯಾರಿಗಾದರೂ ಉಪವಾಸ ಹಾಕಿದರೆ ಅದು ಯಾವಾಗ ಮುಗಿಯುತ್ತದೆ ಎಂದು ಅದೇ ಬಾಯಲ್ಲಿ ಕೇಳಿ. ಕೇಳಲು ಹೆದರಬೇಡಿ. ಹಸಿದವರು ನಿಮ್ಮ ಕಡೆಯವರು, ಡಾಕ್ಟರಿಗೆ ಹೇಗೂ ಕ್ಯಾಂಟೀನಿದೆ.

ಇನ್ನೊಂದು ಮಾತು. ನೀರು ಕುಡಿಯದ ಹೆಂಗಸರನ್ನು ಬೈಯಬೇಡಿ. ವಾಳಪೈಯಲ್ಲಿ ನೆಲೆಸಿದ್ದ ನಮ್ಮ ಕಡೆಯ ಒಬ್ಬ ತಾಯಿ ಲೋಟ ತುಂಬಿ ಕೊಟ್ಟರೂ ತುಟಿ ಒದ್ದೆ ಮಾಡಿಕೊಂಡು ಕೆಳಗಿಡುತ್ತಿದ್ದಳು. ನಮ್ಮ ಹುಡುಗಿಯರು ಮುದುಕಿ ಹಟಮಾರಿ ಎಂದರು. ನಾನು ಪಕ್ಕದಲ್ಲಿ ಕೂತು ಮೆಲ್ಲಗೆ ಕೇಳಿದಾಗ, “ಕುಡಿದ್ರ ಮತ್ತ ಕೂಡಾಕ ಹೋಗಬೇಕಲ್ಲವಾ, ಯಾರನ್ನ ಕರೀಲಿ, ನಾಚಿಕಿ ಬರತೈತಿ” ಎಂದಳು. ಹಟವೂ ಅಲ್ಲ, ಏನೂ ಅಲ್ಲ. ಕೇಳುವ ಮೊದಲೇ ನಾವು ಬೆಡ್‌ಪ್ಯಾನ್ ಹಿಡಿದು ಹೋಗಲು ಶುರು ಮಾಡಿದೆವು, ಅವಳು ನೀರು ಕುಡಿಯಲು ಶುರು ಮಾಡಿದಳು.

ಪದ್ಧತಿಗಳು ಬದಲಾಗಿವೆ, ಒಳ್ಳೆಯದಕ್ಕೇ ಬದಲಾಗಿವೆ. ಮೊದಲು ಪ್ರಜ್ಞೆ ಬಂದ ಕೂಡಲೆ ಮನೆಯವರು ಬಾಯಿಗೆ ಎಳನೀರು ಸುರಿಯುತ್ತಿದ್ದರು, ನಾವೂ ಸುಮ್ಮನಿರುತ್ತಿದ್ದೆವು. ಈಗ ಲಕ್ವಾ ಹೊಡೆದವರಿಗೆ ನುಂಗಲು ಬರುತ್ತದೋ ಇಲ್ಲವೋ ನೋಡದೆ ಒಂದು ಹನಿಯೂ ಕೊಡುವುದಿಲ್ಲ. ನೀರನ್ನು ದಪ್ಪ ಮಾಡುವ ಪುಡಿ ಬಂದಿದೆ. ನುಂಗುವುದನ್ನು ಪರೀಕ್ಷಿಸಿ ಕಲಿಸಲೆಂದೇ ಓದಿ ಬಂದ ಥೆರಪಿಸ್ಟ್‌ಗಳಿದ್ದಾರೆ. ನಾನು ನಿವೃತ್ತಳಾಗುವ ಸ್ವಲ್ಪ ಮುಂಚೆ ನಡೆದ ಹಣಮಂತನ ಕತೆ ಇಲ್ಲಿಗೆ ಸೇರಿದ್ದು. ಉಳಿದದ್ದೆಲ್ಲ ಮರೆತರೂ ಇದನ್ನು ಮರೆಯಬೇಡಿ.

ಹಣಮಂತ ಸಾಂಕೋಲೆಯಲ್ಲಿ ಕಟ್ಟಡಗಳ ಸೆಂಟ್ರಿಂಗ್ ಕೆಲಸ ಮಾಡುತ್ತಿದ್ದ. ಐವತ್ತು ದಾಟಿದ ಗಟ್ಟಿ ಆಳು. ಕೆಲಸದ ಮೇಲಿದ್ದಾಗಲೇ ಲಕ್ವಾ ಹೊಡೆದು ಎಡಗೈ, ಎಡಗಾಲು ಬಿದ್ದುಹೋದವು, ಬಾಯಿ ಒಂದು ಕಡೆ ಜೋತುಬಿತ್ತು. ಬಂದ ದಿನ ನಾವು ಒಂದು ಚಮಚ ನೀರು ಕೊಟ್ಟು ನೋಡಿದಾಗಲೇ ಕೆಮ್ಮಿ ಕೆಂಪಾದ. ಹಾಗಾಗಿ ಮೂಗಿನಿಂದ ಹೊಟ್ಟೆಗೆ ನಳಿಗೆ ಇಳಿಸಿ, ಅದರಲ್ಲೇ ಊಟ, ಅದರಲ್ಲೇ ನೀರು. ಮಾತು ತೊದಲುತ್ತಿತ್ತು. ಪಕ್ಕದ ಹಾಸಿಗೆಯವನೊಬ್ಬ ನಕ್ಕನೋ ಏನೋ, ಅಂದಿನಿಂದ ಮಾತಾಡುವುದನ್ನೇ ಬಿಟ್ಟ. ಅವನ ಹೆಂಡತಿ ನೀಲವ್ವ ಅದೇ ಕಟ್ಟಡಗಳಲ್ಲಿ ಇಟ್ಟಿಗೆ ಹೊರುವವಳು, ಈಗ ಅವನ ಹಾಸಿಗೆಯ ಕಾಲ ಹತ್ತಿರ ಕೂತೇ ಇರುತ್ತಿದ್ದಳು.

ಹಣಮಂತ ನಳಿಗೆಯನ್ನು ಎಳೆದು ಎಸೆದ. ಮತ್ತೆ ಹಾಕಿದೆವು, ಮತ್ತೆ ಎಳೆದ. ಲಿನೆಟ್ ಎಂಬ ಥೆರಪಿಸ್ಟ್ ಹುಡುಗಿ ಬಂದು ಅವನನ್ನು ನೆಟ್ಟಗೆ ಕೂರಿಸಿ, ಗದ್ದವನ್ನು ಎದೆಯ ಕಡೆ ಬಗ್ಗಿಸಿ ಸ್ವಲ್ಪಸ್ವಲ್ಪವೇ ಕುಡಿಯುವುದನ್ನು ಕಲಿಸಲು ನೋಡಿದಳು. ತಲೆ ಬಗ್ಗಿದರೆ ಉಸಿರಿನ ದಾರಿ ಮುಚ್ಚಿಕೊಂಡು ನೀರು ಅನ್ನದ ದಾರಿಯಲ್ಲಿ ಹೋಗುವುದು ಸುಲಭ, ತಲೆ ಎತ್ತಿದರೆ ಅಪಾಯ. ಅವಳು ಚೆನ್ನಾಗಿ ಕಲಿಸುವ ಹುಡುಗಿ. ಆದರೆ ಆಸ್ಪತ್ರೆಯ ಸ್ಟೀಲ್ ಲೋಟ ತುಟಿಯ ಹತ್ತಿರ ಬಂದ ಕೂಡಲೆ ಹಣಮಂತ ಬಾಯಿ ಬಿಗಿಹಿಡಿದು ಮುಖ ತಿರುಗಿಸುತ್ತಿದ್ದ. ಕುಡಿಯಲು ಮನಸ್ಸೇ ಇಲ್ಲ, ಸಹಕಾರ ಕೊಡುವುದಿಲ್ಲ ಎಂದು ವಾರ್ಡಿನಲ್ಲಿ ಮಾತಾಯಿತು.

ಅಷ್ಟರಲ್ಲಿ ಅವನಿಗೆ ಜ್ವರ ಬಂತು. ನೀರು ಶ್ವಾಸಕೋಶಕ್ಕೆ ಹೋಗಿದೆ ಎಂದರು ಡಾಕ್ಟರು. ನಾವು ಬಾಯಿಗೆ ಕೊಟ್ಟಿಲ್ಲ, ಮತ್ತೆ ಹೋಗಿದ್ದು ಎಲ್ಲಿಂದ? ನೀಲವ್ವನನ್ನು ಕರೆದು ಕೇಳಿದೆ. ಅವಳು ಮುಚ್ಚಿಡಲಿಲ್ಲ.

“ನೀರ ನೀರ ಅಂತ ಕಣ್ಣಾಗ ಕೇಳ್ತಾರ್ರೀ ಅಕ್ಕಾರ. ತಡಿಲಾರದ ತಂಬಗಿಲೆ ಒಂಚೂರು ಬಾಯಾಗ ಬಿಟ್ಟೆ. ಬಾಯಿ ಆ ಅಂತ ತಗದು ಕುಡದ್ರು.”

“ನಾವು ಲೋಟ ಹಿಡದ್ರ ಬಾಯಿ ತೆಗ್ಯಾಂಗಿಲ್ಲ, ನೀ ಬಿಟ್ರ ತಗೀತಾನ?”

“ನಾ ಎತ್ತಿ ಬಿಡ್ತೇನ್ರಿ. ನೀವು ಕಚ್ಚಿ ಕುಡಿ ಅಂತೀರಿ.”

ನಾನು ಅವಳ ಮೇಲೆ ರೇಗಿದೆ. ಆ ಒಂದು ಗುಟುಕಿನಿಂದ ಜೀವ ಹೋಗುತ್ತಿತ್ತು ಎಂದೆ. ಅವಳು ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು. ಜ್ವರಕ್ಕೆ ಔಷಧ ಶುರುವಾಯಿತು. ಡಾಕ್ಟರು ಸಮಾಧಾನದಿಂದಲೇ ಹೇಳಿದರು, ಜ್ವರ ಇಳಿದ ಮೇಲೂ ನುಂಗಲು ಕಲಿಯದಿದ್ದರೆ, ಮೂಗಿನ ನಳಿಗೆಯನ್ನು ಹೀಗೇ ಕೀಳುತ್ತಿದ್ದರೆ, ಹೊಟ್ಟೆಗೆ ರಂಧ್ರ ಮಾಡಿ ಅಲ್ಲಿಂದಲೇ ನಳಿಗೆ ಹಾಕಬೇಕಾಗುತ್ತದೆ. ಮನೆಗೂ ಹಾಗೇ ಕಳಿಸಬೇಕಾಗುತ್ತದೆ. ಎಷ್ಟೋ ಜನಕ್ಕೆ ಅದರಿಂದ ಜೀವ ಉಳಿಯುತ್ತದೆ, ಅದು ಕೆಟ್ಟದ್ದೇನಲ್ಲ. ಅದನ್ನು ನಾನು ನೀಲವ್ವನಿಗೆ ಕನ್ನಡದಲ್ಲಿ ಹೇಳಿದೆ. ತಗಡಿನ ಒಂದು ಕೋಣೆಯಲ್ಲಿ, ಇವಳು ಕೂಲಿಗೆ ಹೋದ ಮೇಲೆ, ಒಂದೇ ಕೈ ಆಡುವ ಗಂಡಸಿಗೆ ನಳಿಗೆಯಲ್ಲಿ ಊಟ ಹಾಕುವವರು ಯಾರು ಎಂಬುದು ಅವಳಿಗೆ ನನಗಿಂತ ಮೊದಲೇ ಹೊಳೆದಿತ್ತು.

“ಬಾಯಿ ಇದ್ದೂ ಹೊಟ್ಟಿಗೆ ತೂತ ಹಾಕ್ತಾರೇನ್ರಿ?” ಎಂದಳು.

ಆ ದಿನ ಚಹಾದ ಹೊತ್ತಿಗೆ ಅವಳನ್ನು ಬಲವಂತವಾಗಿ ಕ್ಯಾಂಟೀನಿಗೆ ಕರೆದುಕೊಂಡು ಹೋದೆ. ಕೂತ ತಕ್ಷಣ ಅವಳು ಮೇಜಿನ ಮೇಲಿದ್ದ ಜಗ್ಗು ಎತ್ತಿ, ತಲೆ ಹಿಂದಕ್ಕೆ ಚೆಲ್ಲಿ, ತುಟಿಗೆ ತಾಗಿಸದೆ ಗಟಗಟ ನೀರು ಕುಡಿದಳು. ನಮ್ಮ ಕಡೆಯವರು ಕುಡಿಯುವುದೇ ಹಾಗೆ. ನಾಲ್ಕು ಜನ ಬಳಸುವ ಪಾತ್ರೆಗೆ ತುಟಿ ಹಚ್ಚಿದರೆ ಅದು ಎಂಜಲು. ಊರ ಮಂದಿಯೆಲ್ಲ ಬಾಯಿ ಹಚ್ಚಿದ ಆಸ್ಪತ್ರೆಯ ಲೋಟ ಹಣಮಂತನಿಗೆ ಏಕೆ ಬೇಡ ಎಂದು ನನಗೆ ಆಗಲೇ ಅರ್ಥವಾಗಿತ್ತು. ಹೊಸ ಲೋಟ ತಂದುಕೊಟ್ಟಿದ್ದೆ, ಅದಕ್ಕೂ ಒಪ್ಪಿರಲಿಲ್ಲ. ಹುಟ್ಟಿದಾಗಿನಿಂದ ಬಂದ ರೂಢಿ, ನೀರು ಎಂದರೆ ತಲೆ ಹಿಂದಕ್ಕೆ ಹೋಗಬೇಕು.

ಚಹಾ ಬಂತು. ನೀಲವ್ವ ಕಪ್ಪಿನ ಚಹಾವನ್ನು ಬಸಿಗೆ ಸುರಿದುಕೊಂಡಳು. ಬಸಿ ಎಂದರೆ ಕಪ್ಪಿನ ಕೆಳಗಿನ ಸಾಸರು. ಎರಡು ಕೈಯಲ್ಲಿ ಹಿಡಿದು, ಊದಿ, ತಲೆ ಬಗ್ಗಿಸಿ ಅಂಚಿಗೆ ತುಟಿ ಹಚ್ಚಿ ಸ್ವಲ್ಪ ಕುಡಿದಳು. ಮತ್ತೆ ಊದಿ ಮತ್ತೆ ತಲೆ ಬಗ್ಗಿಸಿದಳು. ನಾನು ನನ್ನ ಕಪ್ಪು ಕೆಳಗಿಟ್ಟು ಅವಳನ್ನೇ ನೋಡಿದೆ.

“ಅಲ್ಲಬೇ, ನೀರ ಎತ್ತಿ ಕುಡೀತಿ. ಚಹಾ ಕಚ್ಚಿ ಕುಡೀತಿ?”

ಈ ಸಿಸ್ಟರಿಗೆ ತಲೆ ಕೆಟ್ಟಿದೆಯೇ ಎಂಬಂತೆ ನೋಡಿದಳು. “ಚಹಾ ಎತ್ತಿ ಕುಡಿದ್ರ ಗಂಟಲ ಸುಡತೈತಲ್ರೀ.”

“ನಿನ್ನ ಗಂಡನೂ ಹಿಂಗ ಕುಡೀತಾನ?”

“ಮತ್ತ? ಬಸಿ ಇಲ್ಲದ ಚಹಾ ಮುಟ್ಟಾಂಗಿಲ್ರಿ ಅವರು.”

ನಾನು ಚಹಾ ಅಲ್ಲೇ ಬಿಟ್ಟು ಲಿನೆಟ್‌ಳನ್ನು ಹುಡುಕಿಕೊಂಡು ಹೋದೆ. ಗದ್ದ ಬಗ್ಗಿಸು, ಸ್ವಲ್ಪವೇ ತೆಗೆದುಕೋ, ನಿಲ್ಲು, ಮತ್ತೆ ತೆಗೆದುಕೋ ಎಂದು ಅವಳು ಇಷ್ಟು ದಿನ ಕಲಿಸುತ್ತಿದ್ದುದೆಲ್ಲ ಆ ಮನುಷ್ಯನಿಗೆ ಚಿಕ್ಕಂದಿನಿಂದ ಬರುತ್ತಿತ್ತು, ಚಹಾದ ಹೆಸರಿನಲ್ಲಿ. ಲಿನೆಟ್ ಕೇಳಿಸಿಕೊಂಡು ಕಣ್ಣರಳಿಸಿದಳು. ಆದರೆ ಬುದ್ಧಿವಂತೆ, ಕುಣಿದಾಡಲಿಲ್ಲ. ಜ್ವರ ಇಳಿಯಲಿ, ಮೊದಲು ದಪ್ಪನೆಯದು, ನೀರು ಕೊನೆಗೆ, ಬಸಿಯಲ್ಲಿ ಜೋರಾಗಿ ಸೊರ್ ಎಂದು ಎಳೆಯಬಾರದು, ನಾನಿಲ್ಲದೆ ಯಾರೂ ಕೊಡಬಾರದು ಎಂದಳು. ಎಲ್ಲದಕ್ಕೂ ಒಪ್ಪಿದೆ. ನೀಲವ್ವನಿಂದಲೂ ಆಣೆ ಮಾಡಿಸಿ ತಂಬಿಗೆಯನ್ನು ನನ್ನ ಕಪಾಟಿನಲ್ಲಿಟ್ಟು ಬೀಗ ಹಾಕಿದೆ.

ಜ್ವರ ಇಳಿದ ಮೇಲೆ ಶುರು ಮಾಡಿದೆವು. ಮೊದಲು ಬಾಯಿ ತೊಳೆಸಿದೆ. ನಾಲಿಗೆಯ ಮೇಲೆ ಬಿಳಿ ಪದರ ಕಟ್ಟಿತ್ತು. ಎಷ್ಟೋ ಸಲ ರೋಗಿಗೆ ಊಟ ಸೇರದಿರುವುದು ಅಡುಗೆಯಿಂದಲ್ಲ, ತೊಳೆಯದ ಬಾಯಿಯಿಂದ. ಆಮೇಲೆ ಸುತ್ತ ಪರದೆ ಎಳೆದೆ. ಜೋತುಬಿದ್ದ ತುಟಿಯಿಂದ ಸೋರುವುದನ್ನು ವಾರ್ಡಿನ ಗಂಡಸರೆಲ್ಲ ನೋಡುವುದು ಅವನಿಗೆ ಬೇಕಿರಲಿಲ್ಲ, ಯಾರಿಗೆ ತಾನೆ ಬೇಕು. ಪುಡಿ ಹಾಕಿ ದಪ್ಪ ಮಾಡಿದ ನೀರನ್ನು ಬಸಿಯಲ್ಲಿ ಕೊಟ್ಟರೆ ಒಂದು ಗುಟುಕು ತೆಗೆದುಕೊಂಡು ಮುಖ ಕಿವುಚಿದ. ನಾನೂ ರುಚಿ ನೋಡಿದೆ, ಲೋಳೆ ಲೋಳೆ.

“ಅಂಬಲಿ ಮಾಡಿ ತರಲೇನ್ರಿ?” ಎಂದಳು ನೀಲವ್ವ.

ಮರುದಿನ ಜೋಳದ ಅಂಬಲಿ ಬಂತು, ನುಣ್ಣಗೆ ಸೋಸಿದ್ದು. ಲಿನೆಟ್ ಚಮಚದಿಂದ ಎತ್ತಿ ಇಳಿಬಿಟ್ಟು ನೋಡಿ, ಇಷ್ಟು ದಪ್ಪ ಸರಿ ಎಂದಳು. ಹಣಮಂತ ಬಸಿ ನೋಡಿದ, ವಾಸನೆ ತೆಗೆದುಕೊಂಡ, ಬಲಗೈಯಿಂದ ತಾನೇ ಹಿಡಿದ. ನಾನು ಎಡಗಡೆ ಆಸರೆ ಕೊಟ್ಟೆ. ತಲೆ ತಾನಾಗಿ ಬಗ್ಗಿತು. ನುಂಗಿದ. ನಾವು ಮೂವರೂ ಕೆಮ್ಮಿಗಾಗಿ ಕಾಯ್ದೆವು. ಬರಲಿಲ್ಲ.

ಹೀಗೆ ದಿನಗಳು ಹೋದವು. ಅಂಬಲಿ, ಮೆತ್ತಗಿನ ಅನ್ನ, ಹಿಸುಕಿದ ಬಾಳೆಹಣ್ಣು. ಪ್ರತಿ ಸಲ ಉಂಡ ಮೇಲೆ ಎಡಗೆನ್ನೆಯೊಳಗೆ ತುತ್ತು ಉಳಿದಿದೆಯೇ ಎಂದು ಬೆರಳು ಹಾಕಿ ನೋಡುತ್ತಿದ್ದೆ, ಸ್ವಲ್ಪ ಹೊತ್ತು ನೆಟ್ಟಗೆ ಕೂರಿಸುತ್ತಿದ್ದೆ. ಹೊಟ್ಟೆಗೆ ಬೇಕಾದದ್ದು ಬಾಯಿಂದಲೇ ಹೋಗತೊಡಗಿತು. ನೀರೊಂದು ಮಾತ್ರ ಇನ್ನೂ ನಳಿಗೆಯಲ್ಲಿ. ತೆಳ್ಳಗಿನ ನೀರೇ ಎಲ್ಲಕ್ಕಿಂತ ಕಷ್ಟ, ಅದು ನಮ್ಮ ಮಾತು ಕೇಳದೆ ಓಡುತ್ತದೆ. ಇವತ್ತು ನೀರು ಸರಿಯಾಗಿ ಇಳಿದರೆ ನಳಿಗೆ ತೆಗೆಯೋಣ, ಹೊಟ್ಟೆಯ ರಂಧ್ರದ ಮಾತು ಬಿಡೋಣ ಎಂದು ಡಾಕ್ಟರು ಒಂದು ಬೆಳಗ್ಗೆ ಹೇಳಿ ಹೋದರು.

ಲಿನೆಟ್ ಬಂದಳು. ಪರದೆ ಎಳೆದೆವು. ನೀಲವ್ವ ಹಾಸಿಗೆಯ ಕಾಲ ಹತ್ತಿರ ಕೈ ಮುಗಿದುಕೊಂಡು ನಿಂತಿದ್ದಳು. ಬಸಿಯಲ್ಲಿ ಸ್ವಲ್ಪವೇ ನೀರು ಹಾಕಿ ಕೊಟ್ಟೆ. ಹಣಮಂತ ತಲೆ ಬಗ್ಗಿಸಿ ಕುಡಿದ. ಲಿನೆಟ್ ಅವನ ಗಂಟಲ ಮೇಲೆ ಬೆರಳಿಟ್ಟು ನುಂಗಿದ್ದನ್ನು ನೋಡಿದಳು. ಕೆಮ್ಮು ಬರಲಿಲ್ಲ. ಆದರೆ ಕೆಮ್ಮು ಬರದೆಯೂ ನೀರು ತಪ್ಪು ದಾರಿಗೆ ಹೋಗಬಹುದು. ಆಗ ದನಿ ಗೊರಗೊರ ಎನ್ನುತ್ತದೆ. ಅದಕ್ಕೆ ಕುಡಿದ ಮೇಲೆ ರೋಗಿಯ ದನಿ ಕೇಳಲೇಬೇಕು.

“ಆ ಬೋಲೋ” ಎಂದಳು ಲಿನೆಟ್.

ಹಣಮಂತ ಸುಮ್ಮನಿದ್ದ. ಮಾತು ಬಿಟ್ಟ ಮನುಷ್ಯ.

“ಆ ಅನ್ನಪಾ ಹಣಮಂತಣ್ಣ” ಎಂದೆ. ಇಲ್ಲ. ಚಿಕ್ಕ ಮಕ್ಕಳ ಹಾಗೆ ಆ ಎನ್ನಲು ಅವನಿಗೆ ಮನಸ್ಸಿಲ್ಲ ಎಂದು ಮುಖದಲ್ಲೇ ಕಾಣುತ್ತಿತ್ತು. ಇಲ್ಲಿಯವರೆಗೆ ಬಂದು ಒಂದು ದನಿಗಾಗಿ ನಳಿಗೆ ಉಳಿಯಬೇಕೇ?

“ಆ ಬ್ಯಾಡ ಬಿಡು. ನಿನಗ ಏನ್ ಬೇಕೋ ಅದನ್ನ ಅನ್ನು. ನಮಗ ದನಿ ಕೇಳಬೇಕು, ಅಷ್ಟ.”

ಅವನು ನನ್ನನ್ನು ನೋಡಿದ. ಲಿನೆಟ್‌ಳನ್ನು ನೋಡಿದ. ಆಮೇಲೆ ಹಾಸಿಗೆಯ ಕಾಲ ಕಡೆ ನೋಡಿ ಬಾಯಿ ತೆರೆದ.

“ನೀಲವ್ವಾ.”

ಸ್ವಲ್ಪ ತೊದಲಿತ್ತು. ಆದರೆ ದನಿ ಸ್ವಚ್ಛವಾಗಿತ್ತು, ಗೊರಗೊರ ಏನೂ ಇರಲಿಲ್ಲ. ಲಿನೆಟ್‌ಗೆ ಕನ್ನಡ ಬಾರದು. ಅವಳು ಇನ್ನೊಂದು ಬಸಿ ಹಾಕಲು ಸನ್ನೆ ಮಾಡಿ, ಅವನು ಕುಡಿದ ಮೇಲೆ, “ಫಿರ್ ಸೆ ಬೋಲೋ, ವಹೀ”, ಅದನ್ನೇ ಮತ್ತೆ ಹೇಳು ಎಂದಳು.

“ನೀಲವ್ವಾ” ಎಂದ ಹಣಮಂತ, ಈ ಸಲ ಇನ್ನೂ ಜೋರಾಗಿ. ಪರದೆಯ ಆಚೆ ವಾರ್ಡೆಲ್ಲ ಕೇಳಿರಬೇಕು.

ಲಿನೆಟ್ ಕೈ ಒರೆಸಿಕೊಂಡು, ನಳಿಗೆ ತೆಗೆಯಿರಿ ಸಿಸ್ಟರ್ ಎಂದಳು. ನಾನು ಅವನ ಮೂಗಿನ ಮೇಲಿನ ಪಟ್ಟಿ ಬಿಡಿಸತೊಡಗಿದೆ. ನನ್ನ ಕಣ್ಣು ತುಂಬಿ ಪಟ್ಟಿಯ ತುದಿ ಕಾಣುತ್ತಿರಲಿಲ್ಲ. ತಿರುಗಿ ನೋಡಿದರೆ ನೀಲವ್ವ ಸೆರಗನ್ನು ಮುಖದ ತುಂಬ ಎಳೆದುಕೊಂಡಿದ್ದಳು. ಅಳುತ್ತಿದ್ದಾಳೆ ಎಂದುಕೊಂಡೆ. ಅಲ್ಲ, ನಾಚಿಕೊಂಡಿದ್ದಳು. ನಮ್ಮಲ್ಲಿ ಗಂಡ ಹೆಂಡತಿ ಒಬ್ಬರ ಹೆಸರು ಒಬ್ಬರು ಹಿಡಿಯುವುದಿಲ್ಲ. ಮದುವೆಯ ದಿನ ಹಿರಿಯರು ಬಾಗಿಲಲ್ಲಿ ಅಡ್ಡಗಟ್ಟಿ ನಿಲ್ಲಿಸಿ, ಒಡಪು ಎಂಬ ಪ್ರಾಸದ ಪದ ಕಟ್ಟಿಸಿ ಅದರಲ್ಲಿ ಹೆಸರು ಹೇಳಿಸುತ್ತಾರೆ, ಅಷ್ಟೇ.

ಅವಳು ನನ್ನ ಹತ್ತಿರ ಸರಿದು, ಸೆರಗಿನೊಳಗಿಂದಲೇ ಮೆಲ್ಲಗೆ ಹೇಳಿದಳು.

“ಲಗ್ನದಾಗ ಒಮ್ಮೆ ಹೇಳಿದ್ರು ಅಕ್ಕಾರ. ಅದರ ಮ್ಯಾಲ ಇವತ್ತ.”